ರಾತ್ರಿ 2.40ರ ಸರದಿ

ಹೋದ ವರ್ಷ ಜೂನ್‌ನಲ್ಲಿ ಪಕ್ಕದ ಮನೆಯ ಅಜ್ಜ ನನ್ನ ಕೈಗೆ ಒಂದು ಚೀಟಿ ಕೊಟ್ಟರು. ಅದರಲ್ಲಿ ಬರೆದಿದ್ದು ಇಷ್ಟೇ. ಮಂಗಳವಾರ, ರಾತ್ರಿ 2.40ರಿಂದ 4.10. ಅವರು ಮಗಳ ಮನೆಗೆ ಹೊರಟಿದ್ದರು. "ನೀನು ಹಳ್ಳಿಯವಳಲ್ವಾ, ಈ ಸಲ ನಮ್ಮ ನೀರು ನೀನೇ ಕಟ್ಟುತ್ತೀಯಾ?" ಅಂತ ಕೇಳಿದರು.

ನಾನು ಈ ಊರಿಗೆ ಬಂದು ಆಗಲೇ ಮೂರು ವರ್ಷ ಆಗಿತ್ತು. ನಮ್ಮನೆಯವರು ಇಲ್ಲಿನ ಯೂನಿವರ್ಸಿಟಿಯಲ್ಲಿ ಸಂಶೋಧನೆ ಮಾಡುತ್ತಾರೆ. ನನ್ನದು ಡಿಪೆಂಡೆಂಟ್ ವೀಸಾ, ಸಂಬಳಕ್ಕೆ ಕೆಲಸ ಮಾಡುವ ಹಾಗಿಲ್ಲ. ಮೂರು ವರ್ಷದಲ್ಲಿ ಮೊದಲ ಸಲ ಹೊರಗಿನವರೊಬ್ಬರು ನನಗೆ ಒಂದು ಕೆಲಸ ಹೇಳಿದ್ದರು. ಅದೂ ನನಗೆ ಗೊತ್ತಿರುವ ಕೆಲಸ.

ಊರಿನ ಹೆಸರು ಲೋಗನ್. ಯೂಟಾ ರಾಜ್ಯದ ಉತ್ತರ ತುದಿಯಲ್ಲಿದೆ. ಸುತ್ತ ಬೆಟ್ಟ, ನಡುವೆ ಉದ್ದನೆಯ ಹಸಿರು ಕಣಿವೆ. ಕಣಿವೆಗೆ ಕ್ಯಾಶ್ ವ್ಯಾಲಿ ಅನ್ನುತ್ತಾರೆ. ಮೊದಲ ಸಲ ಫೋನ್‌ನಲ್ಲಿ ಹೇಳಿದಾಗ ಅಮ್ಮನಿಗೆ ಕೇಳಿಸಿದ್ದು "ಕೆ.ಸಿ. ವ್ಯಾಲಿ" ಅಂತ. ನಮ್ಮದು ಮುಳಬಾಗಿಲು ಕಡೆ. ಕೋಲಾರದವರಿಗೆ ವ್ಯಾಲಿ ಅಂದರೆ ಒಂದೇ, ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ ನಮ್ಮ ಕೆರೆಗಳಿಗೆ ಹರಿಸುವ ಯೋಜನೆ. "ಅಲ್ಲಿಗೂ ಬಂತೇನೇ ಅದು?" ಅಂತ ಅಮ್ಮ ಗಾಬರಿಯಾದರು. ಇಲ್ಲಿನವರ ಬಾಯಲ್ಲಿ ಅದು ದುಡ್ಡಿನ ಕ್ಯಾಶ್ ಥರವೇ ಕೇಳಿಸುತ್ತದೆ. ನಿಜವಾಗಿ ಅದು ಬಚ್ಚಿಡುವುದು ಅನ್ನುವ ಅರ್ಥದ ಫ್ರೆಂಚ್ ಮಾತು. 1820ರ ದಶಕದಲ್ಲಿ ಬೀವರ್ ಚರ್ಮಕ್ಕಾಗಿ ಅಲೆಯುತ್ತಿದ್ದ ಬೇಟೆಗಾರರು ಇಲ್ಲಿ ಗುಂಡಿ ತೋಡಿ ಚರ್ಮದ ಕಟ್ಟುಗಳನ್ನು ಬಚ್ಚಿಡುತ್ತಿದ್ದರಂತೆ. ಅದಕ್ಕೂ ಮುಂಚೆ ಅವರೇ ಇದನ್ನು ವಿಲೋ ವ್ಯಾಲಿ ಅನ್ನುತ್ತಿದ್ದರು. ವಿಲೋ ಅಂದರೆ ನೀರಿನ ಪಕ್ಕ ಪೊದೆಯಾಗಿ ಬೆಳೆಯುವ ಮರ. ಆ ಹೆಸರು ನೆನಪಿರಲಿ.

ಇಲ್ಲಿನ ವಿಳಾಸದ ಕಥೆಯೂ ಹೀಗೇ. "ಬೀದಿ ಹೆಸರು ಹೇಳೇ" ಅಂತ ಅಮ್ಮ, "400 ನಾರ್ತ್, 200 ಈಸ್ಟ್" ಅಂತ ನಾನು. "ಅದು ಲೆಕ್ಕ, ವಿಳಾಸ ಹೇಳು" ಅಂತ ಮತ್ತೆ ಅಮ್ಮ. ಊರ ನಡುವಿನ ಒಂದು ಮೂಲೆಯಿಂದ ಉತ್ತರಕ್ಕೆ ನಾಲ್ಕು ಬೀದಿ, ಪೂರ್ವಕ್ಕೆ ಎರಡು ಬೀದಿ. ಅಷ್ಟೇ ವಿಳಾಸ. ಹಗ್ಗ ಹಿಡಿದು ಎಳೆದ ಹಾಗೆ ನೆಟ್ಟಗಿರುವ ಅಗಲ ಬೀದಿಗಳು. ಅಜ್ಜಿ ಇದ್ದಿದ್ದರೆ, ರಾಗಿ ಹರಡಿ ಒಣಗಿಸಬಹುದಾದ ಬೀದಿ ಅನ್ನುತ್ತಿದ್ದಳು.

ಈ ಬೀದಿಗಳನ್ನು ಹಾಕಿದವರು ಮಾರ್ಮನ್ನರು. ಜೋಸೆಫ್ ಸ್ಮಿತ್ ಅನ್ನುವವರು 1830ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಶುರು ಮಾಡಿದ ಕ್ರೈಸ್ತ ಪಂಥ ಅದು. ಹೋದಲ್ಲೆಲ್ಲ ಅಕ್ಕಪಕ್ಕದವರ ಜೊತೆ ಜಗಳ, ಹೊಡೆದಾಟ, ಗುಳೆ. 1844ರಲ್ಲಿ ಇಲಿನಾಯ್‌ನ ಒಂದು ಜೈಲಿಗೆ ಗುಂಪು ನುಗ್ಗಿ ಸ್ಮಿತ್‌ರನ್ನು ಕೊಂದಿತು. ಆಮೇಲೆ ಬ್ರಿಗಮ್ ಯಂಗ್ ಹಿಂದೆ ಇವರೆಲ್ಲ ಬಂಡಿ ಕಟ್ಟಿಕೊಂಡು ಪಶ್ಚಿಮಕ್ಕೆ ಹೊರಟರು. 1847ರ ಜುಲೈ 24ಕ್ಕೆ ಯಂಗ್ ಸಾಲ್ಟ್ ಲೇಕ್ ಕಣಿವೆಗೆ ಇಳಿದರು. ಆಗ ಅದು ಮೆಕ್ಸಿಕೊ ದೇಶದ ನೆಲ, ಮರುವರ್ಷ ಅಮೆರಿಕದ್ದಾಯಿತು. ಈಗಲೂ ಯೂಟಾದಲ್ಲಿ ಜುಲೈ 24 ರಜಾ ದಿನ. ಇಲ್ಲಿ ಮೆರವಣಿಗೆ, ಪಟಾಕಿ ಎಲ್ಲಾ ಇರುತ್ತೆ.

ನನಗೆ ಇಷ್ಟವಾದ್ದು ಹಿಂದಿನ ದಿನದ ಸಂಗತಿ. ಯಂಗ್ ಬರುವ ಮುಂಚೆಯೇ ಒಂದು ತಂಡ ಮುಂದೆ ಬಂದಿತ್ತು. ನೆಲ ಒಣಗಿ ಕಲ್ಲಾಗಿತ್ತು. ಜುಲೈ 23ರಂದು ಅವರು ಹಳ್ಳಕ್ಕೆ ಅಡ್ಡ ಕಟ್ಟಿ, ನೀರು ತಿರುಗಿಸಿ, ಮಣ್ಣು ನೆನೆಸಿಕೊಂಡು ನೇಗಿಲು ಹೂಡಿದರು. ಇಂಗ್ಲೆಂಡಿನಿಂದಲೋ, ಅಮೆರಿಕದ ಪೂರ್ವದಿಂದಲೋ ಬಂದ ಜನ, ಆಕಾಶದ ಮಳೆ ನಂಬಿ ಬೆಳೆ ತೆಗೆದವರು. ಕಾಲುವೆ ಬೇಸಾಯ ಅವರಿಗೆ ಹೊಸದು. ಇಲ್ಲಿ ಬೇಸಿಗೆಯಲ್ಲಿ ಮಳೆ ಇಲ್ಲ ಅನ್ನುವಷ್ಟು ಕಡಿಮೆ, ಬೆಟ್ಟದ ಹಿಮ ಕರಗಿ ಬರುವ ನೀರೇ ಗತಿ.

ನಮ್ಮ ಕ್ಯಾಶ್ ಕಣಿವೆಗೆ ಅವರು ತಕ್ಷಣ ಬರಲಿಲ್ಲ. ಚಳಿಗೆ ಹೆದರಿದ್ದರು. ಸುಮ್ಮನೆ ಹೆದರಿದ್ದಲ್ಲ. 1855ರಲ್ಲಿ ಇಲ್ಲಿನ ಹುಲ್ಲು ನೋಡಿ ಸಾವಿರಗಟ್ಟಲೆ ದನಗಳನ್ನು ಮೇಯಲು ಹೊಡೆದುಕೊಂಡು ಬಂದರು. ಆ ಚಳಿಗಾಲ ಎಷ್ಟು ಕೆಟ್ಟದಾಗಿತ್ತೆಂದರೆ ಹೆಚ್ಚಿನ ದನಗಳು ಹಿಮದಲ್ಲೇ ಸತ್ತವು. ಲೋಗನ್ ಪಕ್ಕದ ಬೆಟ್ಟದಲ್ಲಿ ಪೀಟರ್ ಸಿಂಕ್ಸ್ ಅಂತ ಒಂದು ತಗ್ಗು ಇದೆ. 1985ರ ಫೆಬ್ರವರಿ 1ರಂದು ಅಲ್ಲಿ ಸೊನ್ನೆಗಿಂತ 56 ಡಿಗ್ರಿ ಸೆಲ್ಸಿಯಸ್ ಕೆಳಗೆ ಇಳಿದಿತ್ತು. ಊರೊಳಗೆ ಅಷ್ಟಿಲ್ಲ ಬಿಡಿ. ಆದರೂ ಮೊದಲ ಜನವರಿಯಲ್ಲಿ, ಹೊರಗೆ ಒಣಗಲು ಹಾಕಿದ ನಮ್ಮನೆಯವರ ಪ್ಯಾಂಟ್ ತಾನೇ ನಿಂತುಕೊಂಡಿದ್ದನ್ನು ನಾನು ನೋಡಿದ್ದೇನೆ.

1856ರ ಸೆಪ್ಟೆಂಬರ್‌ನಲ್ಲಿ ಪೀಟರ್ ಮಾನ್ ಎಂಬವರ ಮುಂದಾಳತ್ವದಲ್ಲಿ ಕೆಲವು ಕುಟುಂಬಗಳು ಬಂದು ಕಣಿವೆಯ ದಕ್ಷಿಣದ ಮೂಲೆಯಲ್ಲಿ ಗುಡಿಸಲು ಹಾಕಿದವು. ಅದೇ ಈಗಿನ ವೆಲ್ಸ್‌ವಿಲ್. ಪೀಟರ್ ಹೆಂಡತಿ ಮೇರಿ ಆನ್ ತುಂಬು ಗರ್ಭಿಣಿಯಾಗಿ ಬಂದವರು. ಬಂದ ಕೆಲವೇ ದಿನಕ್ಕೆ ಬಂಡಿಯಲ್ಲೇ ಹೆರಿಗೆಯಾಯಿತು, ಹೆಣ್ಣು ಮಗು. ಮೆರವಣಿಗೆಯಲ್ಲಿ ಪೀಟರ್ ಹೆಸರು ಎಲ್ಲರೂ ಹೇಳುತ್ತಾರೆ. ನನಗೆ ನೆನಪಾಗುವುದು ಮಾತ್ರ ಆ ಬಂಡಿ. ಬಾಣಂತಿಗೆ ಬಿಸಿನೀರು ಯಾರು ಕಾಯಿಸಿದರೋ.

ಎರಡೇ ವರ್ಷ. 1858ರಲ್ಲಿ ಅಮೆರಿಕದ ಸೈನ್ಯ ಯೂಟಾದ ಮೇಲೆ ಬರುತ್ತಿದೆ ಅಂತ ಯಂಗ್ ಉತ್ತರದವರನ್ನೆಲ್ಲ ದಕ್ಷಿಣಕ್ಕೆ ಕರೆಸಿಕೊಂಡರು. ಯುದ್ಧ ಆಗಲಿಲ್ಲ. 1859ರಲ್ಲಿ ಮತ್ತೆ ಬಂದರು, ಈ ಸಲ ಜಾಸ್ತಿ ಜನ. ಲೋಗನ್, ಪ್ರಾವಿಡೆನ್ಸ್, ಸ್ಮಿತ್‌ಫೀಲ್ಡ್, ರಿಚ್ಮಂಡ್, ಎಲ್ಲ ಒಂದೇ ವರ್ಷದಲ್ಲಿ ಎದ್ದ ಊರುಗಳು. 1860ರಲ್ಲಿ ಹೈರಮ್, ಹೈಡ್ ಪಾರ್ಕ್, ಉತ್ತರಕ್ಕೆ ಫ್ರಾಂಕ್ಲಿನ್. ಫ್ರಾಂಕ್ಲಿನ್ ಕಥೆ ತಮಾಷೆ. ಅಲ್ಲಿನವರು ಯೂಟಾದಲ್ಲೇ ಇದ್ದೇವೆ ಅಂದುಕೊಂಡಿದ್ದರು. 1872ರಲ್ಲಿ ಸರ್ವೆ ಮಾಡಿದಾಗ ಊರು ಗಡಿ ದಾಟಿ ಐಡಹೋದಲ್ಲಿದೆ ಅಂತ ಗೊತ್ತಾಯಿತು. ಹೀಗೆ, ಗೊತ್ತಿಲ್ಲದೇ ಐಡಹೋದ ಮೊದಲ ಕಾಯಂ ಊರು ಕಟ್ಟಿದವರು ಅವರು.

ಲೋಗನ್‌ನಲ್ಲಿ ಮೊದಲು ಕೋಟೆ ಥರ, ಎರಡು ಸಾಲು ಮರದ ಮನೆಗಳು, ಎದುರುಬದುರು. ಆಮೇಲೆ ಚೌಕಗಳನ್ನು ಅಳೆದು ನಿವೇಶನ ಮಾಡಿ, ಚೀಟಿ ಎತ್ತಿ ಹಂಚಿಕೊಂಡರು. ಈ ಚೌಕದ ಯೋಚನೆ ಸ್ಮಿತ್ 1833ರಲ್ಲೇ ಬರೆಸಿದ್ದ ಊರಿನ ನಕ್ಷೆಯಿಂದ ಬಂದದ್ದು. ಸಾಲ್ಟ್ ಲೇಕ್‌ನಲ್ಲಿ ಒಂದು ಚೌಕ 10 ಎಕರೆ, ಅದರಲ್ಲಿ ಎಂಟು ನಿವೇಶನ. ಒಂದೊಂದು ಒಂದೂಕಾಲು ಎಕರೆ, ಅಂದರೆ ನಮ್ಮ ಲೆಕ್ಕದಲ್ಲಿ 50 ಗುಂಟೆ. ಮನೆ, ಹಿತ್ತಲು, ಸೇಬಿನ ಗಿಡ, ಹಸು ಕಟ್ಟಲು ಜಾಗ. ಹೊಲ ಮಾತ್ರ ಊರಾಚೆ.

ಇದು ನಮಗೆ ಏನೂ ವಿಶೇಷ ಅನ್ನಿಸುವುದಿಲ್ಲ. ಊರು ಒಂದು ಕಡೆ, ಹೊಲ ಒಂದು ಕಡೆ, ಬೆಳಿಗ್ಗೆ ಹೊರಟು ಸಂಜೆ ವಾಪಸ್ಸು. ಆದರೆ ಅಮೆರಿಕದಲ್ಲಿ ಇದೇ ವಿಶೇಷ. ಉಳಿದ ಕಡೆ ರೈತ ತನ್ನ 160 ಎಕರೆಯ ನಡುವೆ ಒಂಟಿ ಮನೆ ಕಟ್ಟುತ್ತಿದ್ದ, ಪಕ್ಕದ ಮನೆ ಕಣ್ಣಿಗೂ ಕಾಣದು. ಇವರು ಒಟ್ಟಿಗೆ ಇದ್ದರು. ಪ್ರಾರ್ಥನೆಗೆ, ಶಾಲೆಗೆ, ಭಯಕ್ಕೆ ಒಟ್ಟಿಗಿದ್ದರು ಅಂತ ಎಲ್ಲರೂ ಹೇಳುತ್ತಾರೆ. ನಾನು ಕೆರೆ ಕೆಳಗಿನ ಊರಿನವಳು, ನನ್ನನ್ನು ಕೇಳಿದರೆ ನೀರಿಗೆ ಅನ್ನುತ್ತೇನೆ. ಒಬ್ಬನೇ ಕಾಲುವೆ ತೋಡಲಾರ.

1860ರ ಮೇ ತಿಂಗಳಲ್ಲಿ, ಇನ್ನೂ ಸರಿಯಾದ ಮನೆಯೂ ಇಲ್ಲದ ಜನ, ಲೋಗನ್ ನದಿಯಿಂದ ಹೈಡ್ ಪಾರ್ಕ್ ಕಡೆಗೆ ಕಾಲುವೆ ತೋಡಲು ಶುರು ಮಾಡಿದರು. ಗುದ್ದಲಿ, ಸನಿಕೆ, ಎತ್ತು. ಬೆಟ್ಟದ ಪಕ್ಕೆಯನ್ನು ಕೆರೆದು, ನೀರು ನಿಲ್ಲದ ಹಾಗೆ, ಓಡಿಹೋಗದ ಹಾಗೆ ಇಳಿಜಾರು ಹಿಡಿಯಬೇಕು. ಕೂಲಿಗೆ ದುಡ್ಡಿರಲಿಲ್ಲ. ಎಷ್ಟು ಕೆಲಸ ಮಾಡುತ್ತೀಯೋ ಅಷ್ಟು ನೀರಿನ ಪಾಲು. ಹೊಳೆ ನೀರಿಗೆ ಯಾರೂ ಒಡೆಯರಲ್ಲ ಅಂತ ಯಂಗ್ ಮೊದಲೇ ಹೇಳಿದ್ದರು. 1852ರ ಕಾನೂನು ನೀರನ್ನೂ ಮರವನ್ನೂ ಕೌಂಟಿ (ನಮ್ಮ ಜಿಲ್ಲೆ ಥರ) ಕೋರ್ಟುಗಳ ಕೈಗೆ ಕೊಟ್ಟಿತ್ತು. (ಆ ಮಾತು ಬಹಳ ದಿನ ಉಳಿಯಲಿಲ್ಲ. 1880ರಲ್ಲಿ ಕಾನೂನು ಬದಲಾಯಿತು, ನೀರಿನ ಹಕ್ಕು ಖಾಸಗಿ ಆಸ್ತಿಯಾಯಿತು.) ಬೀದಿಯ ಎರಡೂ ಬದಿ ಸಣ್ಣ ಕಾಲುವೆ. ಪ್ರತಿ ಹಿತ್ತಲಿಗೂ ಸರದಿ, ಇಂತಿಷ್ಟು ಗಂಟೆ ಇಂತಿಷ್ಟು ನಿಮಿಷ, ಹಗಲು ಬಂದರೆ ಹಗಲು, ನಡುರಾತ್ರಿ ಬಂದರೆ ನಡುರಾತ್ರಿ. ಅದನ್ನು ನೋಡಿಕೊಳ್ಳಲು ವಾಟರ್ ಮಾಸ್ಟರ್.

ಅಜ್ಜ ಈ ಹೆಸರು ಹೇಳಿದಾಗ ನಾನು ಕನ್ನಡದಲ್ಲೇ ಕೂಗಿಬಿಟ್ಟೆ, "ನೀರುಗಂಟಿ!" ಅಂತ.

ನಮ್ಮ ಕೆರೆಗೂ ಒಬ್ಬರು ನೀರುಗಂಟಿ ಇದ್ದರು. ತೂಬು ಎತ್ತುವುದು, ಯಾವ ಗದ್ದೆಗೆ ಎಷ್ಟು ಹೊತ್ತು ಅಂತ ಹೇಳುವುದು ಎಲ್ಲ ಅವರೇ. ಐದೆಕರೆ ಇರಲಿ ಐದು ಗುಂಟೆ ಇರಲಿ, ಅವರು ಹೇಳಿದ ಮೇಲೆ ಮುಗಿಯಿತು. ತಾತ ಊರಿನಲ್ಲಿ ಯಾರ ಮಾತೂ ಕೇಳದ ಮನುಷ್ಯ, ನೀರುಗಂಟಿಯ ಮಾತು ಮಾತ್ರ ಕೇಳುತ್ತಿದ್ದರು. ನಾನು ಹುಟ್ಟುವ ಹೊತ್ತಿಗೆ ಬೋರ್‌ವೆಲ್ ಬಂದು, ಕೆರೆ ಒಣಗಿ ಜಾಲಿ ಬೆಳೆದಿತ್ತು. ಚಿಕ್ಕವಳಿದ್ದಾಗ ಒಂದೇ ಒಂದು ಸಲ ಕೆರೆ ಕೋಡಿ ಬಿದ್ದಿತ್ತು. ಆ ವರ್ಷ ತಾತನ ಜೊತೆ ರಾತ್ರಿ ಲಾಟೀನು ಹಿಡಿದು ಮಡೆ ಕಟ್ಟಲು ಹೋಗಿದ್ದೆ. ಕತ್ತಲಲ್ಲಿ ನೀರು ಬರುವುದು ಮೊದಲು ಕಿವಿಗೆ, ಆಮೇಲೆ ಕಾಲಿಗೆ, ಕೊನೆಗೆ ಕಣ್ಣಿಗೆ.

ಅಜ್ಜನ ಸ್ನೇಹ ಶುರುವಾಗಿದ್ದು ಒಂದು ಎಡವಟ್ಟಿನಿಂದ. ನಾವು ಮನೆ ಬದಲಾಯಿಸಿದ ದಿನ ಅವರು ಬ್ರೆಡ್ ತಂದುಕೊಟ್ಟರು. ಮನೆಗೆ ಬಂದವರಿಗೆ ಏನು ಕೊಡುತ್ತೇವೆ? ಫಿಲ್ಟರ್‌ಗೆ ಡಿಕಾಕ್ಷನ್ ಹಾಕಿದೆ. ಅವರು ನಗುತ್ತಾ ಬೇಡ ಅಂದರು. ಟೀ? ಅದೂ ಬೇಡ. ಇವರ ಧರ್ಮದಲ್ಲಿ ಕಾಫಿ, ಟೀ, ಹೆಂಡ, ಹೊಗೆಸೊಪ್ಪು ನಾಲ್ಕೂ ಇಲ್ಲ ಅಂತ ನನಗೇನು ಗೊತ್ತು. ಕಾಫಿ ಕುಡಿಯದ ಮನುಷ್ಯನನ್ನು ಹೇಗೆ ಉಪಚರಿಸುವುದು ಅಂತ ತಲೆ ಕೆಟ್ಟು, ಕೊನೆಗೆ ಮಜ್ಜಿಗೆಗೆ ಶುಂಠಿ, ಕೊತ್ತಂಬರಿ ಹಾಕಿ ಕೊಟ್ಟೆ. ಎರಡು ಲೋಟ ಕುಡಿದರು. ಅವರ ಮುತ್ತಜ್ಜನ ಅಪ್ಪ ಡೆನ್ಮಾರ್ಕ್‌ನವರಂತೆ. ಪಂಥ ಸೇರಿ, ಹಡಗು ಹತ್ತಿ, ಬಯಲು ದಾಟಿ ಬಂದವರು. ಹೈರಮ್‌ನಲ್ಲಿ ಡೇನಿಶ್ ಜನ, ಪ್ರಾವಿಡೆನ್ಸ್‌ನಲ್ಲಿ ಸ್ವಿಸ್ ಜನ. ಈ ಕಣಿವೆಯಲ್ಲಿ ಸ್ವಿಸ್ ಚೀಸ್ ಮಾಡುತ್ತಾರೆ ಅಂದರೆ ಕಾರಣ ಇಲ್ಲದಿಲ್ಲ.

ಆಮೇಲಿನದ್ದು ಬೇಗ ಬೇಗ ಆದ ಬೆಳವಣಿಗೆ. 1870ರ ಹೊತ್ತಿಗೆ ಕೌಂಟಿಯಲ್ಲಿ 8,000 ಜನ ಮೀರಿದ್ದರು. ಯೂಟಾ ನಾರ್ದರ್ನ್ ಅನ್ನುವ ಸಣ್ಣ ಗೇಜಿನ ರೈಲು 1873ರ ಜನವರಿಯಲ್ಲಿ ಲೋಗನ್‌ಗೆ ಬಂತು. ಹಳಿ ಹಾಕಿದವರಲ್ಲಿ ಬಹಳ ಮಂದಿ ಇಲ್ಲಿನ ರೈತರೇ, ಕೂಲಿ ಬದಲು ಷೇರು ತೆಗೆದುಕೊಂಡು. ಕೆಲವೇ ವರ್ಷದಲ್ಲಿ ಕಂಪನಿ ಮುಳುಗಿ ಯೂನಿಯನ್ ಪೆಸಿಫಿಕ್ ಕಡೆಯವರ ಪಾಲಾಯಿತು. ಕಾಲುವೆಯ ಲೆಕ್ಕ ರೈಲಿಗೆ ಹೊಂದಲಿಲ್ಲ. 1877ರಲ್ಲಿ ಗುಡ್ಡದ ಮೇಲೆ ಟೆಂಪಲ್‌ಗೆ ಗುದ್ದಲಿ ಹಾಕಿದರು, 1884ರಲ್ಲಿ ಮುಗಿಯಿತು. ಕಣಿವೆಯ ಯಾವ ಮೂಲೆಯಲ್ಲಿ ನಿಂತರೂ ಅದು ಕಾಣುತ್ತದೆ. 1888ರಲ್ಲಿ ಕೃಷಿ ಕಾಲೇಜು ಮಂಜೂರಾಯಿತು. ಅದೇ ಈಗಿನ ಯೂನಿವರ್ಸಿಟಿ, ನೀರಾವರಿ ಪಾಠಕ್ಕೆ ಹೆಸರುವಾಸಿ. ಅದಿಲ್ಲದಿದ್ದರೆ ಮುಳಬಾಗಿಲಿನ ನಾನು ಇಲ್ಲಿಗೆ ಏಕೆ ಬರುತ್ತಿದ್ದೆ. 2020ರ ಜನಗಣತಿಯಲ್ಲಿ ಲೋಗನ್‌ನಲ್ಲಿ 52,000 ಚಿಲ್ಲರೆ ಜನ. ಹಳೇ ಕಾಲುವೆ ಪಕ್ಕ ಅಪಾರ್ಟ್‌ಮೆಂಟ್. 2009ರಲ್ಲಿ ಗುಡ್ಡದ ಪಕ್ಕೆಯ ಒಂದು ಹಳೇ ಕಾಲುವೆ ಕುಸಿದು, ಕೆಳಗಿನ ಮನೆಯಲ್ಲಿದ್ದ ತಾಯಿ, ಇಬ್ಬರು ಮಕ್ಕಳು ಮಣ್ಣಿನಡಿ ಸತ್ತರು. ಆ ಇಳಿಜಾರಿನಲ್ಲಿ ನಡೆಯುವಾಗಲೆಲ್ಲ ನಾನು ಮೇಲೆ ಒಮ್ಮೆ ನೋಡಿಕೊಳ್ಳುತ್ತೇನೆ.

ಜುಲೈ ಮೆರವಣಿಗೆಯಲ್ಲಿ ಒಂದು ಮಾತು ಪದೇ ಪದೇ ಕೇಳುತ್ತೀರಿ. ಮರುಭೂಮಿಯಲ್ಲಿ ಗುಲಾಬಿ ಅರಳಿಸಿದರು ಅಂತ. ಮೊದಲ ವರ್ಷ ನಾನೂ ಚಪ್ಪಾಳೆ ತಟ್ಟಿದೆ. ಆಮೇಲೆ ಯೋಚನೆ ಬಂತು. ಮರುಭೂಮಿ ಆಗಿದ್ದರೆ ಸಾವಿರಗಟ್ಟಲೆ ದನ ಮೇಯಿಸಲು ಏಕೆ ತಂದರು? ವಿಲೋ ವ್ಯಾಲಿ ಅನ್ನುವ ಹೆಸರು ಹೇಗೆ ಬಂತು?

ಇಲ್ಲಿ ಹುಲ್ಲಿತ್ತು. ಹುಲ್ಲಿನ ಬೀಜ ಬಡಿದು ಬುಟ್ಟಿ ತುಂಬಿ, ಬೀಸಿ ಹಿಟ್ಟು ಮಾಡಿಕೊಳ್ಳುವ ಜನ ಇದ್ದರು. ಶೋಶೋನಿ ಜನ, ಬಂದವರು ಇಂಡಿಯನ್ನರು ಅನ್ನುತ್ತಿದ್ದ ಇಲ್ಲಿನ ಮೂಲನಿವಾಸಿಗಳು. ದನ ಮೇಯ್ದದ್ದು ಆ ಬೀಜವನ್ನೇ. ಹೊಡೆದಾಡುವುದಕ್ಕಿಂತ ಊಟ ಹಾಕುವುದು ಕಡಿಮೆ ಖರ್ಚು ಅನ್ನುವುದು ಯಂಗ್ ನೀತಿ. ಊರಿನವರು ಹಿಟ್ಟು, ಮಾಂಸ ಕೊಡುತ್ತಿದ್ದರು, ನಿಜ. ಆದರೆ ನಾಲ್ಕು ವರ್ಷದೊಳಗೆ ತಮ್ಮದೇ ಕಣಿವೆಯಲ್ಲಿ ಆ ಜನ ಮನೆ ಮನೆ ಬಾಗಿಲಲ್ಲಿ ಹಿಟ್ಟಿಗೆ ನಿಲ್ಲುವ ಹಾಗಾಯಿತು. ಹಸಿವಾಯಿತು. ದನ ಹೊಡೆದರು, ವಲಸೆ ದಾರಿಯಲ್ಲಿ ದಾಳಿಗಳೂ ನಡೆದವು. 1863ರ ಜನವರಿ 29ರ ಬೆಳಗಿನ ಜಾವ ಕರ್ನಲ್ ಪ್ಯಾಟ್ರಿಕ್ ಕಾನರ್ ಕ್ಯಾಲಿಫೋರ್ನಿಯಾದ ಸೈನಿಕರನ್ನು ಕರೆದುಕೊಂಡು ಬಂದು, ಬೇರ್ ನದಿ ದಡದಲ್ಲಿ ಮಲಗಿದ್ದ ಶೋಶೋನಿ ಬೀಡಿನ ಮೇಲೆ ಬಿದ್ದ. ಶೋಶೋನಿಯರು ಆ ಜಾಗಕ್ಕೆ ಬೋವಾ ಓಗೊಯ್ ಅನ್ನುತ್ತಾರೆ. ಸೈನಿಕರಲ್ಲೇ ಎಷ್ಟೋ ಜನರ ಪಾದ ಹೆಪ್ಪುಗಟ್ಟಿದ್ದ ಚಳಿ. ಸತ್ತ ಶೋಶೋನಿಯರ ಲೆಕ್ಕ 250ರಿಂದ 400ರವರೆಗೆ ಹೋಗುತ್ತದೆ, ಅದಕ್ಕೂ ಹೆಚ್ಚು ಅನ್ನುವವರಿದ್ದಾರೆ. ಹೆಂಗಸರು, ಮಕ್ಕಳು ಸೇರಿ. ಅವರ ನಾಯಕ ಬೇರ್ ಹಂಟರ್ ಅಲ್ಲೇ ಸತ್ತ, ಇನ್ನೊಬ್ಬ ನಾಯಕ ಸ್ಯಾಗ್ವಿಚ್ ಗಾಯವಾಗಿ ತಪ್ಪಿಸಿಕೊಂಡ. ಗಾಯಗೊಂಡ ಸೈನಿಕರನ್ನು ಊರಿನವರು ಹಿಮದ ಗಾಡಿಯಲ್ಲಿ ಸಾಗಿಸಿದರು. ಸೈನ್ಯ ಬಂದದ್ದು ದೇವರ ಕೃಪೆ ಅಂತ ಲೋಗನ್ನಿನ ಚರ್ಚಿನ ದಾಖಲೆಯಲ್ಲಿ ಬರೆದಿಟ್ಟರು.

ಅಜ್ಜನೇ ಒಂದು ಭಾನುವಾರ ಚರ್ಚ್ ಮುಗಿಸಿ ನಮ್ಮನ್ನು ಕಾರಿನಲ್ಲಿ ಅಲ್ಲಿಗೆ ಕರೆದುಕೊಂಡು ಹೋದರು. ಪ್ರೆಸ್ಟನ್ ಊರಿನ ಆಚೆ, ಹೈವೇ ಪಕ್ಕ. 1932ರಲ್ಲಿ ಅಲ್ಲಿ ಒಂದು ಸ್ಮಾರಕ ನಿಲ್ಲಿಸಿ, ಇದು ಯುದ್ಧ ಅಂತ ಬರೆದರು. ಸತ್ತ ಹೆಂಗಸರು ಮಕ್ಕಳೂ ಹೋರಾಟಗಾರರೇ ಅಂತ ಸೇರಿಸಿದರು. ಸರ್ಕಾರ 'ಹತ್ಯಾಕಾಂಡ' ಅನ್ನುವ ಪದ ಒಪ್ಪಿಕೊಂಡು ಅದನ್ನು ರಾಷ್ಟ್ರೀಯ ಚಾರಿತ್ರಿಕ ಸ್ಥಳ ಮಾಡಿದ್ದು 1990ರಲ್ಲಿ. ಅಜ್ಜ ಹೇಳಿದರು, "ನಮ್ಮ ಮನೆಯಲ್ಲಿ ಇಂಡಿಯನ್ನರಿಗೆ ಬ್ರೆಡ್ ಕೊಟ್ಟ ಕಥೆ ಹೇಳುತ್ತಿದ್ದರು. ಇದನ್ನು ಹೇಳಲಿಲ್ಲ. ನನಗೆ ಗೊತ್ತಾಗಿದ್ದು ಅರವತ್ತು ದಾಟಿದ ಮೇಲೆ."

ಸ್ಯಾಗ್ವಿಚ್ ಮತ್ತು ಅವನ ಜನ ಹತ್ತು ವರ್ಷದ ನಂತರ, 1873ರಲ್ಲಿ, ಅದೇ ಮಾರ್ಮನ್ ಪಂಥಕ್ಕೆ ಸೇರಿದರು. ಲೋಗನ್ ಟೆಂಪಲ್ ಕಟ್ಟುವಾಗ ಶೋಶೋನಿಯರೂ ಕಲ್ಲು ಮಣ್ಣು ಹೊತ್ತರು. ಇದನ್ನು ನಂಬಿಕೆ ಅನ್ನಬೇಕೋ, ಬೇರೆ ದಾರಿ ಇರಲಿಲ್ಲ ಅನ್ನಬೇಕೋ. ಎರಡೂ ಇರಬಹುದು ಅಂತ ನನಗನ್ನಿಸುತ್ತದೆ.

ಇಷ್ಟು ಹೇಳಿ ನಮ್ಮ ಕಡೆಯದನ್ನು ಮುಚ್ಚಿಟ್ಟರೆ ತಪ್ಪಾಗುತ್ತದೆ. ನಮ್ಮ ನೀರುಗಂಟಿ ಇದ್ದದ್ದು ಊರಾಚೆಯ ಕೇರಿಯಲ್ಲಿ. ಅಚ್ಚುಕಟ್ಟಿನ ಪ್ರತಿ ಗದ್ದೆಗೂ ಸರಿಯಾಗಿ ನೀರು ಹಂಚಿದ ಮನುಷ್ಯ ನಮ್ಮ ಹೊಸ್ತಿಲು ದಾಟಿದ್ದನ್ನು ನಾನು ನೋಡಲಿಲ್ಲ. ಸುಗ್ಗಿಯಲ್ಲಿ ಅವರ ಪಾಲಿನ ಕಾಳು ಕಣದಲ್ಲೇ ಅಳೆದು ಕೊಡುತ್ತಿದ್ದರು. ಅವರಿಗೆ ನೀರು ಕೊಡಬೇಕಾದರೆ ಅಜ್ಜಿ ಎತ್ತಿ ಹೊಯ್ಯುತ್ತಿದ್ದಳು. ಪ್ರೆಸ್ಟನ್‌ನಿಂದ ವಾಪಸ್ ಬರುವಾಗ ಇದನ್ನು ಅಜ್ಜನಿಗೆ ಹೇಳಿದೆ. ಅವರು ಸ್ವಲ್ಪ ದೂರ ಸುಮ್ಮನೆ ಕಾರು ಓಡಿಸಿದರು. ಆಮೇಲೆ, "ಅವರ ಹೆಸರೇನು?" ಅಂತ ಕೇಳಿದರು. ನನಗೆ ನೆನಪಿರಲಿಲ್ಲ. ಮನೆಯಲ್ಲಿ ಎಲ್ಲರೂ ನೀರುಗಂಟಿ ಅಂತಲೇ ಕರೆಯುತ್ತಿದ್ದರು. ಆ ರಾತ್ರಿ ಅಮ್ಮನಿಗೆ ಫೋನ್ ಮಾಡಿದೆ. ಅಮ್ಮನಿಗೂ ನೆನಪಿರಲಿಲ್ಲ.

2018ರಲ್ಲಿ ಶೋಶೋನಿಯರು ಬೋವಾ ಓಗೊಯ್‌ನ ಸುಮಾರು 550 ಎಕರೆ ನೆಲವನ್ನು ದುಡ್ಡು ಕೊಟ್ಟು ಕೊಂಡರು. ತಮ್ಮದೇ ನೆಲ, ದುಡ್ಡು ಕೊಟ್ಟು. ಹೊರಗಿನಿಂದ ಬಂದು ಹಬ್ಬಿ ನೀರು ಕುಡಿಯುವ ರಷ್ಯನ್ ಆಲಿವ್ ಮರಗಳನ್ನು ಕಿತ್ತು, ಅಲ್ಲಿ ಮೊದಲಿದ್ದ ಗಿಡಗಳನ್ನು ನೆಡುತ್ತಿದ್ದಾರೆ. ಅದರಲ್ಲಿ ವಿಲೋನೂ ಇದೆ. ನೆಡಲು ಯಾರು ಬೇಕಾದರೂ ಹೋಗಬಹುದು. ಹೋದ ಶರತ್ಕಾಲದಲ್ಲಿ ನಾವೂ ಹೋಗಿದ್ದೆವು. ಕೊಂಬೆ ಕತ್ತರಿಸಿ ಹಸಿಮಣ್ಣಿಗೆ ಚುಚ್ಚಿದರೆ ಸಾಕು, ಚಿಗುರುತ್ತದೆ. ನಮ್ಮ ನುಗ್ಗೆ ಥರ.

ಆ ಮಂಗಳವಾರಕ್ಕೆ ಬರುತ್ತೇನೆ. 2.30ಕ್ಕೆ ಎದ್ದೆ. ನಮ್ಮನೆಯವರು, ನೀರಾವರಿಯಲ್ಲಿ ಡಾಕ್ಟರೇಟ್ ಮಾಡುವವರು, ಗೊರಕೆ ಹೊಡೆಯುತ್ತಿದ್ದರು. ಅಜ್ಜನ ರಬ್ಬರ್ ಬೂಟು ಎರಡು ಸೈಜು ದೊಡ್ಡದು. ಸನಿಕೆ ಹಿಡಿದು, ಫೋನಿನ ಬೆಳಕಲ್ಲಿ ಹಿತ್ತಲ ತುದಿಗೆ ಹೋಗಿ ಕಬ್ಬಿಣದ ಹಲಗೆ ಎತ್ತಿದೆ. ಏನೂ ಇಲ್ಲ. ನಾಲ್ಕು ನಿಮಿಷ ಏನೂ ಇಲ್ಲ. ಆಮೇಲೆ ಒಣ ಎಲೆ ಸರಸರ ಅಂದಿತು, ಬೂಟಿನ ಸುತ್ತ ತಣ್ಣಗಾಯಿತು. ಸೇಬಿನ ಗಿಡದ ಬುಡಕ್ಕೆ ತಿರುಗಿಸಿದೆ, ಟೊಮೆಟೊ ಪಾತಿಗೆ, ಹುಲ್ಲಿಗೆ. ಒಂದು ಕಡೆ ಮಡೆ ಒಡೆದು ಸೀರೆ ಅಂಚು, ಅಲ್ಲ, ಪೈಜಾಮದ ಅಂಚು ಪೂರ್ತಿ ಒದ್ದೆ.

4.10ಕ್ಕೆ ಸರಿಯಾಗಿ ಆಚೆ ಬೇಲಿಯ ಹತ್ತಿರ ಟಾರ್ಚ್ ಬೆಳಕು ಕಂಡಿತು. ಮುಂದಿನ ಸರದಿಯವರು. ನೈಟಿ ಮೇಲೆ ಕೋಟು ಹಾಕಿಕೊಂಡ ಒಬ್ಬ ಹೆಂಗಸು, ಕೈಯಲ್ಲಿ ಸನಿಕೆ. ನಾವಿಬ್ಬರೂ ಅವತ್ತಿನವರೆಗೆ ಮಾತಾಡಿರಲಿಲ್ಲ. ಅವರು ವಾಚ್ ನೋಡಿಕೊಂಡರು. ನಾನು ಹಲಗೆ ಇಳಿಸಿದೆ.